99% ಅಕ್ಯುರೆಸಿ ಸರಿ, ಎಷ್ಟು ಜನರ ಮೆದುಳು?

ಪ್ರಾಜೆಕ್ಟ್ ಎಕ್ಸಿಬಿಷನ್ ಅಂದ್ರೆ "ಎಂಆರ್‌ಐ ನೋಡಿ ಆಲ್ಝೈಮರ್ ಪತ್ತೆ" ಅನ್ನೋ ಪೋಸ್ಟರ್ ಒಂದಾದ್ರೂ ಇದ್ದೇ ಇರತ್ತೆ. ಅಕ್ಯುರೆಸಿ 99%. ಚಪ್ಪಾಳೆ. ನನ್ನದು ಒಂದೇ ಪ್ರಶ್ನೆ: ಟ್ರೈನ್-ಟೆಸ್ಟ್ ಸ್ಪ್ಲಿಟ್ ಹೇಗೆ ಮಾಡಿದ್ರಿ?

ಒಬ್ಬರ ಒಂದು ಸ್ಕ್ಯಾನ್‌ನಿಂದ ಹತ್ತಾರು ಸ್ಲೈಸ್ ಚಿತ್ರಗಳು ಸಿಗುತ್ತವೆ. ಎಲ್ಲವನ್ನೂ ಕಲಸಿ 80-20 ಅಂತ ಹಂಚಿದ್ರೆ, ಒಬ್ಬರದೇ ಸ್ಲೈಸ್‌ಗಳು ಎರಡೂ ಕಡೆ ಸೇರಿಬಿಡುತ್ತವೆ. ಆಗ ಮಾಡೆಲ್ ಕಾಯಿಲೆಯನ್ನು ಕಲಿಯೋ ಬದಲು ಆ ವ್ಯಕ್ತಿಯ ತಲೆಯನ್ನೇ ಗುರುತು ಹಿಡಿಯಬಹುದು. ಇಂಟರ್ನಲ್ಸ್ ಪ್ರಶ್ನೆಪತ್ರಿಕೆ ಹಿಂದಿನ ದಿನವೇ ವಾಟ್ಸಾಪ್‌ಗೆ ಬಂದ ಹಾಗೆ! ಸ್ಪ್ಲಿಟ್ ರೋಗಿವಾರು ಆಗಬೇಕು. ನಂಬರ್ ಬೀಳತ್ತಾ? ಬೀಳಲಿ.

ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಆಲ್ಝೈಮರ್‌ನಲ್ಲಿ ಕುಗ್ಗುತ್ತೆ, ನಿಜ. ಆದ್ರೆ ಬರೀ ವಯಸ್ಸಾದ್ರೂ ಸ್ವಲ್ಪ ಕುಗ್ಗುತ್ತೆ. ಮರೆವು ಥೈರಾಯ್ಡ್‌ನಿಂದ, ಬಿ12 ಕೊರತೆಯಿಂದಲೂ ಬರಬಹುದು. ಅವಕ್ಕೆ ಮಾತ್ರೆ ಇದೆ. ಅದಕ್ಕೇ ಡಾಕ್ಟರ್ ಬ್ಲಡ್ ಟೆಸ್ಟ್ ಮಾಡಿಸ್ತಾರೆ, ನೆನಪಿನ ಪರೀಕ್ಷೆ ಮಾಡ್ತಾರೆ, ಮನೆಯವರನ್ನೂ ಕೂರಿಸಿ ಕೇಳ್ತಾರೆ. ನಮ್ಮ ಆ್ಯಪ್ ಇದ್ಯಾವುದನ್ನೂ ಕೇಳದೆ "ಡಿಮೆನ್ಷಿಯಾ" ಅಂತ ಕೆಂಪಕ್ಷರದಲ್ಲಿ ತೋರಿಸಿದ್ರೆ ಯಾರದೋ ಅಜ್ಜಿಗೆ ಆ ಮಾತ್ರೆ ತಪ್ಪಿಹೋಗಬಹುದು.

ಡೇಟಾ ವಿಷಯಕ್ಕೂ ಬರೋಣ. ಎಲ್ಲರೂ ಉಲ್ಲೇಖಿಸೋ ಎಡಿಎನ್‌ಐ 2004ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು. ಅದರಲ್ಲಿ ಹೆಚ್ಚಿನವರು ಚೆನ್ನಾಗಿ ಓದಿಕೊಂಡ ಬಿಳಿಯರು. ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸ್ತಿರೋದು ಸುಮ್ಮನೆ ಅಲ್ಲ.

ಗೈಡ್‌ಗಳಿಗೂ ಒಂದು ವಿನಂತಿ: ಮುಂದಿನ ಪೋಸ್ಟರ್‌ನಲ್ಲಿ ಎಷ್ಟು ಚಿತ್ರ ಅನ್ನೋದರ ಪಕ್ಕದಲ್ಲೇ ಎಷ್ಟು ಜನ ಅಂತಲೂ ಬರೆಸಿ.