ಅಜ್ಜಿಗೆ ಮಾತು ಕೇಳಿಸಲಿ

ಮನೆಯಲ್ಲಿಯೇ ಚಿತ್ರಮಂದಿರದ ನಾದವನ್ನು ಬಯಸಿ ಹೋದವನಿಗೆ ಅಂಗಡಿಯವನು ಮೊದಲು ತೋರಿಸುವುದು, ಸ್ಪೀಕರುಗಳಿಗೆಲ್ಲ ಧ್ವನಿ ಹಂಚುವ ರಿಸೀವರಿನ ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟಿನ ಅಂಕಿಯನ್ನು. ಅನೇಕ ವೇಳೆ ಅದು ಒಂದೇ ಚಾನೆಲನ್ನು ನುಡಿಸಿ, ಒಂದೇ ಸ್ವರಕ್ಕೆ ಅಳೆದದ್ದು. ಮೇಲಾಗಿ, ಶಕ್ತಿ ಇಮ್ಮಡಿಯಾದರೂ ಸದ್ದು ಏರುವುದು 3 ಡೆಸಿಬಲ್ ಮಾತ್ರ! ಎರಡು ಚಾನೆಲುಗಳು ಒಟ್ಟಿಗೆ ನುಡಿದಾಗ, 20ರಿಂದ 20,000 ಹರ್ಟ್ಸ್‌ವರೆಗೆ, 8 ಓಮಿಗೆ ಎಷ್ಟೆಂದು ಕೇಳುವುದು ಜಾಣತನ.

ಮನೆಯ ಅಜ್ಜಿಯ ದೂರಾದರೋ ಬೇರೆ: ಸಿನಿಮಾದ ಸಿಡಿತಕ್ಕೆ ಕಿಟಕಿ ನಡುಗುತ್ತದೆ, ನಾಯಕಿಯ ಮಾತು ಮಾತ್ರ ತಿಳಿಯದು. 5.1 ವಿನ್ಯಾಸದಲ್ಲಿ ಸಂಭಾಷಣೆಯ ಬಹುಭಾಗ ಹೊರಡುವುದು ನಡುವಿನ ಸ್ಪೀಕರಿನಿಂದ. ಅದನ್ನು ಟಿ.ವಿ.ಯ ಕೆಳಗೆ ಕಪಾಟಿನೊಳಕ್ಕೆ ತುರುಕಿದರೆ ವ್ಯಾಟುಗಳೆಲ್ಲ ವ್ಯರ್ಥ. ಕಪಾಟಿನ ಅಂಚಿಗೆ ತಂದು, ಅದರ ಮುಖವನ್ನು ಕುಳಿತವರ ಕಿವಿಯತ್ತ ತುಸು ಎತ್ತಬೇಕು. ಅನೇಕ ರಿಸೀವರುಗಳೊಡನೆ ಅಳತೆಯ ಮೈಕೊಂದು ಬರುತ್ತದೆ. ಅದನ್ನು ಅಜ್ಜಿ ಕೂರುವೆಡೆ, ಕಿವಿಯ ಎತ್ತರಕ್ಕಿಟ್ಟು, ಫ್ಯಾನು ನಿಲ್ಲಿಸಿ ಅಳತೆ ನಡೆಸಬೇಕು. ಚಿಕ್ಕ ಸ್ಪೀಕರುಗಳಿಗೆ 80 ಹರ್ಟ್ಸ್ ಗಡಿಯಿಟ್ಟು, ಅದರ ಕೆಳಗಿನ ಗುಡುಗನ್ನು ಸಬ್‌ವೂಫರಿಗೆ ಬಿಡುವುದು ಸಾಮಾನ್ಯ ಕ್ರಮ. ಇಷ್ಟರ ಮೇಲೂ ಮಾತು ಮಸುಕೆನಿಸಿದರೆ ನಡುವಿನ ಸ್ಪೀಕರಿನ ಮಟ್ಟವನ್ನು 2-3 ಡೆಸಿಬಲ್ ಏರಿಸಬಹುದು. ಮೊಮ್ಮಗ ಗೊಣಗಿದರೆ ಗೊಣಗಲಿ.