ದೀಪ ಕಾಯ್ದ ಮನೆ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ಮಿಷಿಗನ್ ಮಹಾಸರೋವರದ ದಕ್ಷಿಣ ತೀರದಲ್ಲಿ ಮಿಷಿಗನ್ ಸಿಟಿ ಎಂಬ ಪಟ್ಟಣವಿದೆ. ಅಲ್ಲಿಯ ಬಂದರಿನ ಬಳಿ 1858ರಲ್ಲಿ ಸರಕಾರವು ಕಟ್ಟಿಸಿದ ಮನೆಯೊಂದು ಇಂದು ಆ ಊರಿನ ವಸ್ತುಸಂಗ್ರಹಾಲಯವಾಗಿದೆ. ಸರೋವರವೆಂದೊಡನೆ ಓದುಗರು ನಮ್ಮೂರ ಕೆರೆಗಳನ್ನು ನೆನೆಯಬಾರದು. ಆಚೆಯ ದಡವೇ ಕಾಣದ ಆ ಜಲರಾಶಿಯಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿದ ಹಡಗುಗಳು ಅಸಂಖ್ಯ. ನಾವಿಕರಿಗೆ ದಾರಿ ತೋರುವ ದೀಪವನ್ನು ಈ ಮನೆಯ ಮಾಡಿನ ಮೇಲಿನ ಗೋಪುರದಲ್ಲಿಯೇ ಇರಿಸಿದ್ದರು. ಕೆಳಗೆ ದೀಪಪಾಲಕರ ವಾಸ, ಮೇಲೆ ಬೆಳಕು.

1861ರಲ್ಲಿ ಹ್ಯಾರಿಯೆಟ್ ಕೋಲ್‌ಫ್ಯಾಕ್ಸ್ ಎಂಬ ಮಹಿಳೆ ಇಲ್ಲಿಯ ದೀಪಪಾಲಕಿಯಾಗಿ ನೇಮಕಗೊಂಡರು. ಅವರ ಬಂಧು ಸ್ಕೈಲರ್ ಕೋಲ್‌ಫ್ಯಾಕ್ಸ್ ಆಗ ಸಂಸತ್ ಸದಸ್ಯರು. ಮುಂದೆ 1869ರಲ್ಲಿ ಅಮೆರಿಕದ ಉಪಾಧ್ಯಕ್ಷರಾದವರು. ಬಂಧುವಿನ ಪ್ರಭಾವದಿಂದ ಹುದ್ದೆ ದೊರೆತೀತು. ಆದರೆ 43 ವರ್ಷಗಳ ಕಾಲ ದೀಪವು ಪ್ರಭಾವದಿಂದ ಉರಿದೀತೇ?

ಮನೆಯ ದೀಪವೊಂದೇ ಆಗಿದ್ದರೆ ಕೆಲಸ ಹಗುರವಾಗಿರುತ್ತಿತ್ತು. 1871ರಿಂದ, ನೀರಿನೊಳಕ್ಕೆ ಬಹುದೂರ ಚಾಚಿದ್ದ ಮರದ ಕಟ್ಟೆಯ ತುದಿಯ ದೀಪವೂ ಅವರ ಪಾಲಿಗೆ ಬಂದಿತು. ಆಗಿನ ಕಾಲಕ್ಕೆ ಉರಿಸುತ್ತಿದ್ದುದು ಪ್ರಾಣಿಗಳ ಕೊಬ್ಬಿನಿಂದ ತೆಗೆದ ಎಣ್ಣೆ. ಚಳಿಗಾಲದಲ್ಲಿ ನಮ್ಮ ಕೊಬ್ಬರಿ ಎಣ್ಣೆ ಗಟ್ಟಿಯಾಗುವಂತೆ ಅದೂ ಹೆಪ್ಪುಗಟ್ಟುತ್ತಿತ್ತು. ಆದುದರಿಂದ ಒಲೆಯ ಮೇಲೆ ಎಣ್ಣೆಯನ್ನು ಕಾಯಿಸಿಕೊಂಡು, ಅದು ಆರುವ ಮುನ್ನ, ಅಲೆಗಳು ಅಪ್ಪಳಿಸುವ ಕಟ್ಟೆಯ ಮೇಲೆ ನಡೆದು ಹೋಗಬೇಕಾಗುತ್ತಿತ್ತು. ಹಡಗುಗಳು ಓಡಾಡುವ ತಿಂಗಳುಗಳಲ್ಲಿ ಇದಕ್ಕೆ ಬಿಡುವೆಂಬುದಿಲ್ಲ. ಅಧ್ಯಾಪಕಿಯಾಗಿದ್ದ ಆ್ಯನ್ ಹಾರ್ಟ್‌ವೆಲ್ ಅವರು ಈ ಮನೆಯಲ್ಲಿ ಅವರಿಗೆ ದೀರ್ಘಕಾಲದ ಒಡನಾಡಿಯಾಗಿದ್ದರು.

1904ರಲ್ಲಿ, 80ರ ಪ್ರಾಯದಲ್ಲಿ, ಹ್ಯಾರಿಯೆಟ್ ನಿವೃತ್ತರಾದರು. ಅದೇ ವರ್ಷ ಕಟ್ಟೆಯ ತುದಿಯಲ್ಲಿ ಹೊಸ ದೀಪಸ್ತಂಭವೆದ್ದು, ಮನೆಯ ಮೇಲಿನ ದೀಪ ಅಲ್ಲಿಗೆ ಸಾಗಿತು. ಮನೆಯನ್ನು ವಿಸ್ತರಿಸಿ ಪಾಲಕರ ವಸತಿಗೃಹವನ್ನಾಗಿ ಮಾಡಿದರು. ಮರುವರ್ಷವೇ ಗೆಳತಿಯರಿಬ್ಬರೂ ತೀರಿಕೊಂಡರು.

1939ರಲ್ಲಿ ಅಮೆರಿಕದ ದೀಪಸ್ತಂಭಗಳೆಲ್ಲ ಕರಾವಳಿ ರಕ್ಷಣಾ ಪಡೆಯ ವಶಕ್ಕೆ ಬಂದವು. ಕಾಲಕ್ರಮದಲ್ಲಿ ಪಾಲಕರಿಲ್ಲದಾದ ಮನೆ ಪಾಳುಬಿದ್ದಿತು. ಕೆಡವಿ ನೆಲಸಮ ಮಾಡುವುದು ಸುಲಭವಿತ್ತು. ಸರಕಾರಿ ಕಟ್ಟಡಗಳ ಗತಿ ಎಲ್ಲೆಡೆಯೂ ಅದೇ ತಾನೆ! ಆದರೆ ಊರಿನ ಇತಿಹಾಸ ಸಂಘದವರು ಅದಕ್ಕೆ ಎಡೆಗೊಡಲಿಲ್ಲ. ದುರಸ್ತಿ ಮಾಡಿಸಿ, 1973ರಲ್ಲಿ ವಸ್ತುಸಂಗ್ರಹಾಲಯವಾಗಿ ಅದರ ಬಾಗಿಲು ತೆರೆದರು.

ಹ್ಯಾರಿಯೆಟ್ ಬರೆದಿಟ್ಟ ಕರ್ತವ್ಯದ ದಿನಚರಿಗಳೂ ಉಳಿದು ಬಂದಿವೆ. ಅವುಗಳಲ್ಲಿ ಹವೆಯ ವಿವರ, ಬಿರುಗಾಳಿಯ ವರದಿ, ಹಡಗುಗಳ ಸುದ್ದಿ ಇವೆ. ಆ ಮನೆಯ ಕಥೆಯನ್ನು ಇಂದು ಹೇಳುವವರು ಮೊದಲು ತೆರೆಯುವುದು ಆ ಪುಟಗಳನ್ನೇ.