ಟೊಂಕದ ಎಲುಬು ಮುರಿದಾಗ

ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಗೆ ಮೇಲೇಳಲಾಗದು. ಒಂದು ಕಾಲು ಗಿಡ್ಡಾಗಿ ಹೊರಕ್ಕೆ ಹೊರಳಿದೆ. ಆಗ ಮನೆಯಲ್ಲಿ ಕೇಳಿಬರುವ ಮಾತು: “ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಏಕೆ? ಎಣ್ಣೆ ಹಚ್ಚಿ ಮಲಗಿಸೋಣ.” ಮಮತೆಯ ಮಾತಿದು, ಆದರೆ ಅಪಾಯದ್ದು. ಮಲಗಿಯೇ ಇದ್ದವರನ್ನು ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಬೆನ್ನಟ್ಟುತ್ತವೆ.

1894ರಲ್ಲಿ ಡಾ. ವಾನ್‌ಲೆಸ್ ಅವರು ಮಿರಜದಲ್ಲಿ ಆಸ್ಪತ್ರೆ ತೆರೆದರು. 1962ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಅಲ್ಲಿಯೇ ಆಯಿತು. ಸಾಂಗಲಿ-ಮಿರಜಗಳಲ್ಲಿ ವೈದ್ಯರಿಗೆ ಬರವಿಲ್ಲ. ಹೊತ್ತು ಕಳೆಯುವುದು ನಮ್ಮ ಮನೆಯ ಅಂಗಳದಲ್ಲಿಯೇ.

ಇಂಥ ರೋಗಿಗೆ ಯಾವಾಗ ಏನಾಗಬೇಕೆಂಬುದನ್ನು ಮೊದಲೇ ಗೊತ್ತುಮಾಡಿಡುವ ಕ್ರಮ ಹಲವು ದೇಶಗಳಲ್ಲಿದೆ. ಬಂದೊಡನೆ ನೋವಿನ ಶಮನ. ಎಲುಬಿನ ವೈದ್ಯರು, ಅರಿವಳಿಕೆಯ ವೈದ್ಯರು, ಹಿರಿಯರ ಇತರ ಬೇನೆಗಳನ್ನು ಬಲ್ಲ ವೈದ್ಯರು ಕೂಡಿ ತಪಾಸಣೆ. ಇಂಗ್ಲೆಂಡಿನ 2011ರ ಮಾರ್ಗಸೂಚಿಯಂತೆ ದಾಖಲಾದ ದಿನ ಇಲ್ಲವೆ ಮರುದಿನ ಶಸ್ತ್ರಚಿಕಿತ್ಸೆ. ಅದರ ಮರುದಿನವೇ ಎಬ್ಬಿಸಿ ನಿಲ್ಲಿಸುವ ಯತ್ನ. ಮತ್ತೊಮ್ಮೆ ಮುರಿಯದಂತೆ ಎಲುಬಿನ ಸವೆತಕ್ಕೂ ಮದ್ದು.

ನಮ್ಮ ಮನೆತನಗಳಿಗೆ ಇನ್ನೊಂದು ಹೊಣೆಯಿದೆ. ಆಸ್ಪತ್ರೆಯಲ್ಲಿ ವೃದ್ಧರಿಗೆ ಹಗಲು-ಇರುಳಿನ ಪರಿವೆ ತಪ್ಪಿ ಮನಸ್ಸು ಭ್ರಮಿಸುವುದುಂಟು. ಜತ್ತ ತಾಲೂಕಿನ ಹಳ್ಳಿಯಿಂದ ಬಂದ, ಮರಾಠಿ ಬಾರದ ಅಜ್ಜಿಗೆ ಅಲ್ಲಿ ಕನ್ನಡದ ದನಿಯೇ ಊರುಗೋಲು. ಅವರ ಚಾಳೀಸನ್ನು ಮರೆಯದೆ ಒಯ್ಯಿರಿ. ಬಳಿಯಲ್ಲಿ ಕುಳಿತು ಮಾತಾಡಿಸಿರಿ.

ದಾಖಲು ಮಾಡಿದೊಡನೆ ವೈದ್ಯರನ್ನು ವಿನಯದಿಂದ ಕೇಳಿರಿ: ಶಸ್ತ್ರಚಿಕಿತ್ಸೆ ಎಂದು? ತಡವಾದರೆ ಕಾರಣವೇನು? ಎಂದು ನಿಲ್ಲಿಸುವಿರಿ? ಈ ಮೂರು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಡಿರಿ. ಹಿರಿಯರು ಮತ್ತೆ ತಮ್ಮ ಕಾಲ ಮೇಲೆ ನಡೆದು ಮನೆಯ ಹೊಸ್ತಿಲು ದಾಟಬೇಕಲ್ಲವೆ?